ಸಮುದ್ರಕ್ಕ ಬೇಲಿ ಎಲ್ಲೈತಿ ಅನ್ನೋರಿಗೆ

ಬರೆಯದೇ ಬಹಳ ದಿನ ಆಗಿತ್ತು. ವಿಷಯ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೇ. ಸಿಟ್ಟು ಬಂದರೆ ಮಾತ್ರ ನನ್ನ ಕೈ ಕೀಬೋರ್ಡಿನ ಕಡೆ ಓಡುತ್ತದೆ ಅಂತ ನಿಮಗೆಲ್ಲ ಗೊತ್ತೇ ಇದೆ :-) ಹೋದ ವಾರ ಒಂದು ಫೋನು ಬಂತು. ಅವತ್ತಿನಿಂದ ಸಿಟ್ಟು ಇಳಿದಿಲ್ಲ.

ಫೋನ್ ಮಾಡಿದವನು ದುಬೈ ದಿನಗಳ ಗೆಳೆಯ. ಈಗ ಬೆಂಗಳೂರಿನಲ್ಲಿದ್ದಾನೆ. ಮೂಲ ಬೆಳಗಾವಿ ಕಡೆಯವನೇ, ಹಾಗಾಗಿ ನಮ್ಮ ಮಾತು ನಮ್ಮ ಧಾಟಿಯಲ್ಲೇ.

"ಲೇ, ಕ್ರೊಯೇಷಿಯಾಕ್ಕ ಹೊಂಟೀವಿ. ಹಾಯಿದೋಣಿ ಬಾಡಿಗಿ ಹಿಡದೀನಿ, ಏಳು ದಿನ. ಡುಬ್ರೊವ್ನಿಕ್‌ನಿಂದ ಮಾಂಟೆನೆಗ್ರೊದ ಕೋಟರ್ ಕೊಲ್ಲಿಗೆ ಹೋಗಿ ಹೊಳ್ಳಿ ಬರೂದು. ನೀನೂ ಬಾ."

"ವೀಸಾ?"

"ಷೆಂಗೆನ್ ಐತಲ್ಲ."

"ಸಿಂಗಲ್ ಎಂಟ್ರಿನೋ, ಮಲ್ಟಿಪಲ್ಲೋ?"

"ಏ, ನೀ ಇನ್ನೂ ಸುಧಾರಿಸಲಿಲ್ಲ ನೋಡು. ಸಮುದ್ರಕ್ಕ ಬೇಲಿ ಎಲ್ಲೈತೋ?"

ಇದೇ ಮಾತು. ಅಕ್ಷರ ಬದಲಾಗದ ಹಾಗೆ ಇದೇ ಮಾತನ್ನು ಇವನ ಬಾಯಲ್ಲಿ ನಾನು 2018ರ ಕೊನೆಯಲ್ಲಿ ಕೇಳಿದ್ದೆ. ಆವಾಗ ಜಗಳ ಆಡಿ ಎದ್ದು ಬಂದಿದ್ದೆ. ಈ ಸಲ ಜಗಳ ಆಡಲಿಲ್ಲ, ಬರೆಯುತ್ತಿದ್ದೇನೆ.

ಮೊದಲು ನನ್ನ ಅರ್ಹತೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ "ಗೋಕಾಕ ಫಾಲ್ಸಿನವನಿಗೆ ಸಮುದ್ರದ ಉಸಾಬರಿ ಯಾಕೆ" ಅಂತ ನೀವು ಕೇಳೇ ಕೇಳುತ್ತೀರಿ. ಅರ್ಹತೆ ಏನೂ ಇಲ್ಲ. ಗಿರಣಿಯ ಭೋಂಗಾ ಕೇಳಿ ಏಳುತ್ತ, ಫಾಲ್ಸಿನ ಸಪ್ಪಳ ಕೇಳುತ್ತ ಮಲಗಿದವರು ನಾವು. ನಮ್ಮ ನೀರು ಅಂದರೆ ಘಟಪ್ರಭೆ. ಬೇಸಿಗೆಯಲ್ಲಿ ತೂಗುಸೇತುವೆ ಮೇಲೆ ನಿಂತು ನೋಡಿದವರಿಗೆ ಬರೀ ಬಂಡೆ ಕಾಣುತ್ತದೆ. ಆಗಸ್ಟಿನಲ್ಲಿ ಬಂದವರಿಗೆ ಐವತ್ತು ಮೀಟರಿಗೂ ಮಿಕ್ಕಿ ಕೆಳಗೆ ಬೀಳುವ ಕೆಂಪು ನೀರಿನ ಗೋಡೆ. ಎರಡೂ ಒಂದೇ ಹೊಳೆ.

ಗಿರಣಿಯಲ್ಲಿ ದುಡಿದ ನಮ್ಮ ಅಜ್ಜ, ನಾವು ಹುಡುಗರು ಮೇಲಿನ ಬಂಡೆಗಳ ಕಡೆ ಆಡಲು ಹೊರಟರೆ ಒಂದೇ ಪ್ರಶ್ನೆ ಕೇಳುತ್ತಿದ್ದ: "ಮ್ಯಾಲ ಏನ್ ನಡದೈತಿ ಕೇಳೀರೇನಲೇ?" ಮೇಲೆ ಅಂದರೆ ಧೂಪದಾಳದ ಒಡ್ಡು, ಅದರ ಮೇಲೆ ಹುಕ್ಕೇರಿ ತಾಲೂಕಿನ ಹಿಡಕಲ್ ಡ್ಯಾಮು, ಅದರಾಚೆ ಮಹಾರಾಷ್ಟ್ರದ ಘಟ್ಟದ ಮಳೆ. ನಮ್ಮೂರಲ್ಲಿ ಬಿಸಿಲು ಹೊಡೆಯುತ್ತಿದ್ದರೂ ಅಲ್ಲಿ ಗೇಟು ಎತ್ತಿದರೆ ಇಲ್ಲಿ ಹೊಳೆ ಏರುತ್ತದೆ. 2019ರ ಆಗಸ್ಟಿನಲ್ಲಿ ಗೋಕಾಕ ಪೇಟೆಯೊಳಗೆ ನೀರು ನುಗ್ಗಿದ್ದು ಬರೀ ಗೋಕಾಕದ ಮಳೆಯಿಂದ ಅಲ್ಲ. ನಮ್ಮ ಕಾಲ ಬುಡದ ನೀರಿನ ಹುಕುಂ ಬೇರೆ ಯಾರದೋ ಕೈಯಲ್ಲಿ ಇರುತ್ತದೆ, ಇಳಿಯುವ ಮೊದಲು ಕೇಳಬೇಕು. ನನಗೆ ಗೊತ್ತಿರುವ ನೀರಿನ ವಿದ್ಯೆ ಇಷ್ಟೇ. ಇದರ ಮೇಲೆ ಸಮುದ್ರದ ಬಗ್ಗೆ ಮಾತಾಡುತ್ತಿದ್ದೇನೆ, ಕ್ಷಮಿಸಿ.

ಈಗ 2018ಕ್ಕೆ ಬರೋಣ.

ದುಬೈಯಲ್ಲಿ ನಾನು ಲೆಕ್ಕಪತ್ರದ ಕೆಲಸದಲ್ಲಿದ್ದೆ. ಶುಕ್ರವಾರ ಬಂತೆಂದರೆ ನಾಲ್ಕೈದು ಕನ್ನಡದ ಮನೆಗಳು ಒಂದು ಕಡೆ ಸೇರುತ್ತಿದ್ದವು. ರೊಟ್ಟಿ, ಎಣ್ಣಿಗಾಯಿ, ಊರಿಂದ ಯಾರಾದರೂ ಬಂದಿದ್ದರೆ ಕರದಂಟು. ಈ ಗೆಳೆಯ ಆಗ ಇನ್ನಿಬ್ಬರ ಜೊತೆ ಪಾಲು ಹಾಕಿ ಒಂದು ಹಳೇ ಹಾಯಿದೋಣಿ ಕೊಂಡಿದ್ದ. ಜನವರಿಯಲ್ಲಿ ಮುಸಂದಮ್‌ಗೆ ಹೋಗೋಣ, ಎರಡು ರಾತ್ರಿ ಅಲ್ಲೇ ಲಂಗರು, ಡಾಲ್ಫಿನ್ ನೋಡೋಣ ಅಂತ ಅವನ ಯೋಜನೆ. ಮುಸಂದಮ್ ಗೊತ್ತಲ್ಲ? ಹೋರ್ಮುಜ್ ಜಲಸಂಧಿಗೆ ಚಾಚಿದ ಕಲ್ಲುಬೆಟ್ಟಗಳ ಮೂತಿ. ಅದು ಒಮಾನ್ ದೇಶದ್ದು, ಆದರೆ ಉಳಿದ ಒಮಾನಿಗೂ ಅದಕ್ಕೂ ನಡುವೆ ಎಮಿರೇಟ್ಸ್ ನೆಲ ಬಂದು ಬೇರೆ ಮಾಡಿದೆ. ದುಬೈಯಿಂದ ದೋಣಿ ಬಿಟ್ಟರೆ ನೀವು ಮತ್ತೊಂದು ದೇಶಕ್ಕೆ ಹೋಗುತ್ತಿದ್ದೀರಿ. ಎದುರಿನ ದಡ ಇರಾನ್.

ನಾನು ನಾಲ್ಕು ಪ್ರಶ್ನೆ ಕೇಳಿದೆ. ಹೊರಡುವ ಬಂದರಿನಲ್ಲಿ ನಿರ್ಗಮನದ ಪರವಾನಗಿ ತಗೊಂಡಿದ್ದೀರಾ? ಒಮಾನಿನಲ್ಲಿ ಮೊದಲು ಯಾವ ಬಂದರಿಗೆ ಹೋಗಿ ಹೆಸರು ಬರೆಸಬೇಕು? ದೋಣಿಯ ವಿಮೆ ಒಮಾನಿನ ನೀರಿನಲ್ಲೂ ನಡೆಯುತ್ತದಾ? ದೋಣಿಯಲ್ಲಿ ಇರುವ ಎಲ್ಲರ ಪಾಸ್‌ಪೋರ್ಟು, ವೀಸಾ ಸರಿ ಇದಾವಾ?

ಎಲ್ಲರೂ ನಕ್ಕರು. "ಲೆಕ್ಕಿಗರ ಮುಂದ ಡಾಲ್ಫಿನ್ ಸುದ್ದಿ ತಗೀಬಾರದು ನೋಡ್ರಿ" ಅಂದ ಒಬ್ಬ. ಆಮೇಲೆ ಆ ಮಾತು ಬಂತು, ಸಮುದ್ರಕ್ಕ ಬೇಲಿ ಎಲ್ಲೈತಿ ಅಂತ.

ನಕ್ಕಿದ್ದಕ್ಕೆ ನನಗೆ ಬೇಜಾರಾಗಲಿಲ್ಲ. ಬೇಜಾರಾದದ್ದು ನಾಲ್ಕನೆಯ ಪ್ರಶ್ನೆಗೆ ಬಂದ ಉತ್ತರಕ್ಕೆ. ದೋಣಿ ತೊಳೆಯಲು, ಹಗ್ಗ ಕಟ್ಟಲು, ಅಡುಗೆ ಮಾಡಲು ಕುಮಟಾ ಕಡೆಯ ಒಬ್ಬ ಹುಡುಗನನ್ನು ಇವರು ರಜೆಯ ದಿನಗಳಲ್ಲಿ ಕರೆಯುತ್ತಿದ್ದರು. ಇವರ ಪೈಕಿ ಸಮುದ್ರ ನಿಜವಾಗಿ ಗೊತ್ತಿದ್ದವನು ಅವನೊಬ್ಬನೇ. ಅವನ ವೀಸಾ ಬೇರೆ ಕಡೆಯದು, ಪಾಸ್‌ಪೋರ್ಟು ಮಾಲೀಕನ ಕಪಾಟಿನಲ್ಲಿ. ಹಾಗೆ ಇಟ್ಟುಕೊಳ್ಳುವುದು ಅಲ್ಲಿನ ಕಾನೂನಿಗೇ ವಿರುದ್ಧ, ಆದರೂ ಇಟ್ಟುಕೊಳ್ಳುವವರು ಇಟ್ಟುಕೊಳ್ಳುತ್ತಿದ್ದರು. ಅವನ ಗತಿ ಏನು ಅಂದದ್ದಕ್ಕೆ ನನ್ನ ಗೆಳೆಯ ಹೇಳಿದ್ದು: "ಅಂವ ಕೆಳಗ ಕ್ಯಾಬಿನ್‌ನಾಗ ಇರ್ತಾನ. ಯಾರ್ ನೋಡ್ತಾರ?"

ಒಂದು ಸಲ ನಿಧಾನವಾಗಿ ಓದಿ ನೋಡಿ ಈ ಮಾತನ್ನು. ಪಾಸ್‌ಪೋರ್ಟ್ ಇಲ್ಲದ ಒಬ್ಬ ಮನುಷ್ಯನನ್ನು ದೋಣಿಯ ಹೊಟ್ಟೆಯಲ್ಲಿ ಬಚ್ಚಿಟ್ಟುಕೊಂಡು ಅಂತಾರಾಷ್ಟ್ರೀಯ ಗಡಿ ದಾಟಿಸುವುದು. ಇದಕ್ಕೆ ಲೋಕದ ಎಲ್ಲ ದೇಶಗಳಲ್ಲೂ ಒಂದೇ ಹೆಸರು, ಅದು ಪಿಕ್ನಿಕ್ ಅಲ್ಲ. ಹೇಳಿದವನು ಕೆಟ್ಟವನಲ್ಲ, ಆ ಹುಡುಗನಿಗೆ ಹಬ್ಬಕ್ಕೆ ಬಟ್ಟೆ ಕೊಡಿಸುವವನೇ. ಅವನಿಗೆ ಅದು ತಪ್ಪು ಅಂತ ಹೊಳೆದೇ ಇರಲಿಲ್ಲ. ನಿಯಮ ಓದಬೇಕಾದದ್ದು ಯಾಕೆ ಅಂತ ನನಗೆ ಅರ್ಥವಾದದ್ದು ಅವತ್ತು. ನಾವು ಯಾರಿಗೆ ಏನು ಮಾಡುತ್ತಿದ್ದೇವೆ ಅಂತ ನಮಗೇ ಕಾಣಲಿ ಅಂತ.

ರಾತ್ರಿ ನಾನು ಕಾರು ತೆಗೆಯುವಾಗ ಆ ಹುಡುಗ ಕೆಳಗೆ ಬಂದ. "ಸಾರ್, ನೀವು ಕೇಳಿದ್ದು ಒಳ್ಳೇದಾಯ್ತು. ನಾನು ಕೇಳಿದ್ರೆ ಕೆಲಸ ಹೋಗ್ತದೆ" ಅಂದ. ಆಮೇಲೆ ಸ್ವಲ್ಪ ತಡೆದು, "ನಮ್ಮ ಕಡೆಯವರು ಇರಾನ್‌ನಲ್ಲಿ ಸಿಕ್ಕಿಬಿದ್ದಿದಾರೆ, ಗೊತ್ತಲ್ಲ ಸಾರ್?" ಅಂದ.

ಗೊತ್ತಿತ್ತು. ಕನ್ನಡ ಪತ್ರಿಕೆ ಓದುವ ಎಲ್ಲರಿಗೂ ಆಗ ಗೊತ್ತಿತ್ತು, ಈಗ ಮರೆತಿರಬಹುದು. 2018ರ ಜುಲೈನಲ್ಲಿ ದುಬೈಯಿಂದ ಮೀನು ಹಿಡಿಯಲು ಹೋಗಿದ್ದ ಉತ್ತರ ಕನ್ನಡ ಜಿಲ್ಲೆಯ 18 ಮೀನುಗಾರರನ್ನು, ನಮ್ಮ ಜಲಗಡಿ ದಾಟಿದಿರಿ ಅಂತ ಇರಾನ್ ಹಿಡಿದಿಟ್ಟಿತು. ಅವರು ದುಬೈ ದೋಣಿ ಮಾಲೀಕರ ಬಳಿ ಕೂಲಿಗೆ ಇದ್ದವರು. ಮನೆಯವರು ಕಚೇರಿಯಿಂದ ಕಚೇರಿಗೆ ಅಲೆದರು, ಮನವಿ ಕೊಟ್ಟರು. ಅವರು ಊರಿನ ದಾರಿ ಹಿಡಿಯುವ ಹೊತ್ತಿಗೆ ತಿಂಗಳುಗಳೇ ಕಳೆದಿದ್ದವು.

ಅದಕ್ಕೂ ಮೊದಲಿನ ಇನ್ನೊಂದು ಘಟನೆ ಕೇಳಿ. 2009ರ ನವೆಂಬರ್ 25. ಬಹರೇನಿನಿಂದ ದುಬೈ ಕಡೆ ಹೊರಟಿದ್ದ ಒಂದು ರೇಸಿನ ಹಾಯಿದೋಣಿಯನ್ನು ಇರಾನಿನ ನೌಕೆಗಳು ತಡೆದವು. ದೋಣಿಯಲ್ಲಿ ಐವರು ಬ್ರಿಟಿಷರು. ದುಬೈ-ಮಸ್ಕತ್ ಹಾಯಿ ಸ್ಪರ್ಧೆಗೆ ಹೊರಟವರು. ಪ್ರೊಪೆಲರ್ ತೊಂದರೆಯಾಗಿ ಗೊತ್ತಿಲ್ಲದೆ ಆ ಕಡೆ ಸರಿದಿರಬಹುದು ಅಂತ ಇವರ ಕಡೆಯ ಹೇಳಿಕೆ. ಡಿಸೆಂಬರ್ 2ಕ್ಕೆ ಬಿಡುಗಡೆ. ಒಂದು ವಾರ.

ಐವರಿಗೆ ಒಂದು ವಾರ, ಹದಿನೆಂಟು ಜನಕ್ಕೆ ತಿಂಗಳುಗಟ್ಟಲೆ. ಎರಡೂ ಪ್ರಕರಣ ಒಂದೇ ಅಲ್ಲ, ಒಪ್ಪುತ್ತೇನೆ. ಅವರು ಸ್ಪರ್ಧೆಗೆ ಹೊರಟವರು, ಇವರು ಬಲೆ ಹಾಕುವವರು; ಕಾನೂನಿನ ಕಣ್ಣಲ್ಲಿ ಅದು ದೊಡ್ಡ ವ್ಯತ್ಯಾಸ, ಮುಂದೆ ಹೇಳುತ್ತೇನೆ. ಆದರೂ ಆ ರಾತ್ರಿ ಆ ಹುಡುಗನ ಮುಖ ನೋಡುತ್ತ ನನಗೆ ಲೆಕ್ಕ ಸ್ಪಷ್ಟವಾಯಿತು. ಮುಸಂದಮ್ ದಾರಿಯಲ್ಲಿ ಎಡವಟ್ಟಾದರೆ ನಮಗೆ ಕಂಪನಿ ಇದೆ, ವಕೀಲ ಇದ್ದಾನೆ, ಇಂಗ್ಲಿಷ್ ಇದೆ. ನಾವು ಒಂದು ವಾರದಲ್ಲಿ ಮನೆಗೆ ಬಂದು ಸಾಹಸದ ಕತೆ ಹೇಳುತ್ತೇವೆ. ಅವನು? ನಿಯಮ ಮುರಿಯುವ ಮಜಾ ಯಾವಾಗಲೂ ದೋಣಿಯ ಒಡೆಯನಿಗೆ, ಬಿಲ್ಲು ಬರುವುದು ದೋಣಿಯಲ್ಲಿ ಎಲ್ಲರಿಗಿಂತ ಬಡವನಿಗೆ.

ನಾನು ಬರಲ್ಲ ಅಂದೆ. ಆ ಹುಡುಗನನ್ನು ಕರೆದೊಯ್ದರೆ ನಮ್ಮ ಸ್ನೇಹ ಇಲ್ಲಿಗೆ ಮುಗಿಯಿತು ಅಂತಲೂ ಅಂದೆ. ಜೋರಾಗಿಯೇ ಜಗಳ ಆಯಿತು. ಕೊನೆಗೆ ಅವರು ಮುಸಂದಮ್ ಬಿಟ್ಟು ದುಬೈ ದಡದಲ್ಲೇ ಅಡ್ಡಾಡಿ ಬಂದರು. ಎರಡು ವರ್ಷ ನನ್ನನ್ನು 'ಅಂಜುಬುರುಕ' ಅಂತಲೇ ಕರೆದರು. ಕರೆಯಲಿ ಬಿಡಿ.

ಈಗ ಆ ವಾದಗಳನ್ನು ಒಂದೊಂದಾಗಿ ನೋಡೋಣ. ಇವು ನನ್ನ ಗೆಳೆಯನೊಬ್ಬನ ವಾದಗಳಲ್ಲ, ನಮ್ಮಲ್ಲಿ ಬಹಳ ಜನರ ನಾಲಿಗೆ ಮೇಲೆ ಕುಳಿತಿರುವಂಥವು.

ಸಮುದ್ರಕ್ಕ ಬೇಲಿ ಎಲ್ಲೈತಿ?

ಐತಿ. ಕಣ್ಣಿಗೆ ಕಾಣಲ್ಲ, ಅಷ್ಟೇ. 1982ರ ವಿಶ್ವಸಂಸ್ಥೆ ಸಮುದ್ರ ಕಾನೂನು ಒಪ್ಪಂದದ ಪ್ರಕಾರ ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್ ತನಕ ಆ ದೇಶದ ಪ್ರಾದೇಶಿಕ ಸಮುದ್ರ. ನಮ್ಮ ಹೊಲದ ಹಾಗೆ. ಅದರಾಚೆ 200 ನಾಟಿಕಲ್ ಮೈಲಿ ತನಕ ಆರ್ಥಿಕ ವಲಯ, ಅಲ್ಲಿನ ಮೀನು, ಎಣ್ಣೆ ಆ ದೇಶದ್ದು. ಹೊಲದ ಮೂಲಕ ಕಾಲುದಾರಿ ಇರುವ ಹಾಗೆ ಪ್ರಾದೇಶಿಕ ಸಮುದ್ರದಲ್ಲೂ ಬೇರೆ ದೇಶದ ದೋಣಿಗೆ 'ನಿರುಪದ್ರವಿ ಸಂಚಾರ'ದ ಹಕ್ಕು ಇದೆ. ಆದರೆ ಷರತ್ತು ಇದೆ: ತಡಮಾಡದೆ ಸಾಗುತ್ತಲೇ ಇರಬೇಕು. ಸುಮ್ಮನೆ ನಿಲ್ಲುವ ಹಾಗಿಲ್ಲ, ಲಂಗರು ಹಾಕುವ ಹಾಗಿಲ್ಲ. ಅಪಾಯ ಬಂದರೆ, ಯಂತ್ರ ಕೆಟ್ಟರೆ ಮಾತು ಬೇರೆ. ಮೀನು ಹಿಡಿದಿರೋ, ಆ ಹಕ್ಕು ಅಲ್ಲಿಗೆ ಮುಗಿಯಿತು. ಗಾಳ ಹಾಕಿ ಕುಳಿತವನು ಕಾಲುದಾರಿಯಲ್ಲಿ ನಡೆಯುವವನಲ್ಲ, ಹೊಲದಲ್ಲಿ ಜೋಳ ಮುರಿಯುವವನು.

ಇನ್ನೊಂದು ಸೂಕ್ಷ್ಮ. ದ್ವೀಪಗಳಿಗೂ ಈ 12 ಮೈಲಿಯ ಬಳೆ ಇದೆ. ಪರ್ಷಿಯನ್ ಕೊಲ್ಲಿಯ ನಡುವೆ ಇರುವ ಅಬು ಮೂಸಾ ದ್ವೀಪ 1971ರಿಂದ ಇರಾನಿನ ಹಿಡಿತದಲ್ಲಿದೆ, ಎಮಿರೇಟ್ಸ್ ಅದು ನಮ್ಮದು ಅನ್ನುತ್ತದೆ. ದಡದಿಂದ ದೂರ ಇದ್ದೇನೆ, ಹಾಗಾಗಿ ಯಾರ ನೀರೂ ಅಲ್ಲ ಅಂದುಕೊಂಡವನು ಹೀಗೇ ಸಿಕ್ಕಿಬೀಳುವುದು. ಮೊಬೈಲಿನ ನಕ್ಷೆಯಲ್ಲಿ ನೀಲಿ ಬಣ್ಣ ಬಿಟ್ಟರೆ ಏನೂ ಕಾಣಲ್ಲ. 2007ರ ಮಾರ್ಚಿನಲ್ಲಿ ಬ್ರಿಟನ್ನಿನ ನೌಕಾಪಡೆಯ 15 ಜನರನ್ನೇ ಇರಾನ್ ಹಿಡಿದುಕೊಂಡು ಹೋಗಿ ಹನ್ನೆರಡು ದಿನಕ್ಕೂ ಹೆಚ್ಚು ಇಟ್ಟುಕೊಂಡಿತ್ತು. ನಾವು ಇರಾಕ್ ನೀರಿನಲ್ಲೇ ಇದ್ದೆವು ಅಂತ ಇವರು, ಇಲ್ಲ ನಮ್ಮ ನೀರಿನಲ್ಲಿ ಅಂತ ಅವರು. ಯುದ್ಧನೌಕೆ, ಜಿಪಿಎಸ್ ಎಲ್ಲ ಇದ್ದವರ ಗತಿಯೇ ಹೀಗಾದರೆ ಪಾಲುದಾರಿಕೆಯ ಹಳೇ ದೋಣಿಯವರು ಯಾವ ಲೆಕ್ಕ?

ಎಲ್ಲಾರೂ ಹೋಗ್ತಾರ, ಏನಾಗಂಗಿಲ್ಲ

ಎಲ್ಲಾರೂ ಅಂದರೆ ಯಾರು? ಇಂಗ್ಲಿಷಿನ ಹಾಯಿ ಪುಸ್ತಕಗಳನ್ನು ಓದಿ ನಾವು ಮೋಸ ಹೋಗುವುದು ಇಲ್ಲೇ. ಅವು ಯುರೋಪಿನ, ಅಮೆರಿಕದ ಪಾಸ್‌ಪೋರ್ಟಿನವರಿಗೆ ಬರೆದವು. ಅವರಿಗೆ ಅರ್ಧ ಗಂಟೆಯ ಕೆಲಸ ಅಂತ ಬರೆದ ಒಂದು ಸಾಲು ನಮಗೆ ಎರಡು ತಿಂಗಳ ವೀಸಾ.

ನನ್ನ ಗೆಳೆಯನ ಈಗಿನ ಯೋಜನೆಯನ್ನೇ ನೋಡಿ. ಕ್ರೊಯೇಷಿಯಾ 2023ರ ಜನವರಿ 1ರಿಂದ ಷೆಂಗೆನ್ ವಲಯದಲ್ಲಿದೆ. ಮಾಂಟೆನೆಗ್ರೊ ಷೆಂಗೆನ್‌ನಲ್ಲಿ ಇಲ್ಲ. ಡುಬ್ರೊವ್ನಿಕ್‌ನಿಂದ ಕೋಟರ್ ಕೊಲ್ಲಿ ಹತ್ತಿರವೇ, ಗಾಳಿ ಸರಿ ಇದ್ದರೆ ಒಂದು ಹಗಲಿನ ದಾರಿ. ಆದರೆ ಆ ಹಗಲಿನಲ್ಲಿ ನೀವು ಷೆಂಗೆನ್ ಬಿಟ್ಟು ಹೊರಗೆ ಹೋದಿರಿ. ಸಿಂಗಲ್ ಎಂಟ್ರಿ ವೀಸಾ ಇದ್ದವನಿಗೆ ಅಲ್ಲಿಗೆ ವೀಸಾ ಮುಗಿಯಿತು. ಮೂರು ದಿನ ಬಿಟ್ಟು ದೋಣಿ ವಾಪಸ್ ತಂದರೆ ಡುಬ್ರೊವ್ನಿಕ್‌ನಲ್ಲಿ ಒಳಗೆ ಬಿಡಲ್ಲ. ಊರಿಗೆ ಹೋಗುವ ವಿಮಾನ ಮಾತ್ರ ಅಲ್ಲಿಂದಲೇ! ಜರ್ಮನಿಯ ಪಾಸ್‌ಪೋರ್ಟಿನವನಿಗೆ ಈ ಚಿಂತೆಯೇ ಇಲ್ಲ, ಅವನ ಪ್ರವಾಸ ಕಥನದಲ್ಲಿ ಇದು ಬರುವುದೂ ಇಲ್ಲ.

ಅದಲ್ಲದೆ ಕ್ರೊಯೇಷಿಯಾ ಬಿಡುವಾಗ ಗಡಿ ಪೊಲೀಸರು, ಬಂದರು ಕಚೇರಿ ಇರುವ ಬಂದರಿನಲ್ಲಿ ಹೊರಹೋಗುವ ಮುದ್ರೆ ಹಾಕಿಸಬೇಕು. ಆಚೆ ಕಡೆ ಮೊದಲು ಪ್ರವೇಶದ ಬಂದರಿಗೇ ನೇರ ಹೋಗಬೇಕು, ನಡುವೆ ಚಂದದ ಕೊಲ್ಲಿ ಕಂಡಿತು ಅಂತ ಈಜಲು ನಿಲ್ಲುವ ಹಾಗಿಲ್ಲ. ಅಲ್ಲಿ ಓಡಾಡಲು ವಿನ್ಯೆಟ್ ಅನ್ನುವ ಪರವಾನಗಿ ಕೊಳ್ಳಬೇಕು. ಬಾಡಿಗೆ ದೋಣಿಯಾದರೆ ದೇಶ ಬಿಟ್ಟು ಒಯ್ಯಲು ಮಾಲೀಕನ ಒಪ್ಪಿಗೆ ಬೇಕು. ಒಪ್ಪಿಗೆ ಇಲ್ಲದೆ ಒಯ್ದರೆ ವಿಮೆ ಕೈಕೊಡುತ್ತದೆ.

ವಿದೇಶ ಬಿಡಿ. ನಮ್ಮ ಕರಾವಳಿಯನ್ನೇ ನೋಡಿ. ಕರ್ನಾಟಕದಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಮಳೆಗಾಲದ ನಿಷೇಧ ಜೂನ್ 1ರಿಂದ ಜುಲೈ 31, 61 ದಿನ. ಪಕ್ಕದ ಕೇರಳದ ಟ್ರಾಲಿಂಗ್ ನಿಷೇಧ ಜೂನ್ 9ರ ನಡುರಾತ್ರಿಯಿಂದ ಜುಲೈ 31, 52 ದಿನ. ಮಂಜೇಶ್ವರದ ಈಚೆ ಒಂದು ಲೆಕ್ಕ, ಆಚೆ ಇನ್ನೊಂದು. ಒಂದೇ ದೇಶ, ಒಂದೇ ಸಮುದ್ರ, ಅದೇ ಬಂಗುಡೆ.

ಏಜೆಂಟ್ ನೋಡ್ಕೊಳ್ತಾನ

ಏಜೆಂಟ್ ಕಾಗದ ನೋಡಿಕೊಳ್ಳುತ್ತಾನೆ, ಸರಿ. ಆದರೆ ಕೋಸ್ಟ್ ಗಾರ್ಡಿನ ದೋಣಿ ಪಕ್ಕಕ್ಕೆ ಬಂದಾಗ ಏಜೆಂಟ್ ತನ್ನ ಮನೆಯಲ್ಲಿ ಮಲಗಿರುತ್ತಾನೆ. ಉತ್ತರ ಹೇಳಬೇಕಾದವನು ದೋಣಿಯ ಕಪ್ತಾನ. ಯಾವ ದೇಶದಲ್ಲಾದರೂ ಸರಿ, ದೋಣಿಯಲ್ಲಿರುವ ಜನರ, ಸಾಮಾನಿನ ಹೊಣೆ ಅವನದೇ.

ಸಾಮಾನು ಅಂದೆ, ಒಂದು ಉದಾಹರಣೆ. ದೂರದ ಸಮುದ್ರಕ್ಕೆ ಹೋಗುವವರಿಗೆ ಸ್ಯಾಟಲೈಟ್ ಫೋನು ಪ್ರಾಣ ಉಳಿಸುವ ವಸ್ತು. ಅದನ್ನೇ ಪರವಾನಗಿ ಇಲ್ಲದೆ ನಮ್ಮ ದೇಶಕ್ಕೆ ತಂದರೆ ಅಪರಾಧ. 2008ರ ನವೆಂಬರಿನಲ್ಲಿ ಪೋರಬಂದರಿನ 'ಕುಬೇರ್' ಎಂಬ ಮೀನುಗಾರಿಕೆ ದೋಣಿಯನ್ನು ವಶ ಮಾಡಿಕೊಂಡು ಭಯೋತ್ಪಾದಕರು ಮುಂಬೈಗೆ ಬಂದರಲ್ಲ, ಆಮೇಲೆ ನಮ್ಮವರ ಬಿಗಿ ಇನ್ನೂ ಜಾಸ್ತಿಯಾಯಿತು. ಚಾರಣಕ್ಕೆ ಬಂದ ವಿದೇಶಿಯರು ಕೈಯಲ್ಲಿ ಸಣ್ಣ ಉಪಗ್ರಹ ಸಾಧನ ಹಿಡಿದುಕೊಂಡು ನಮ್ಮ ವಿಮಾನ ನಿಲ್ದಾಣಗಳಲ್ಲಿ ಸಿಕ್ಕಿಬಿದ್ದ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಆ ಸುದ್ದಿ ಓದಿದಾಗ ನಾವೇನು ಅನ್ನುತ್ತೇವೆ? "ಬರೂ ಮುಂದ ನಮ್ಮ ದೇಶದ ಕಾನೂನು ಓದಬೇಕಿತ್ತು." ಹೌದಲ್ಲ? ಅವರು ನಮ್ಮದನ್ನು ಓದಬೇಕು, ನಾವು ಅವರದನ್ನು ಓದಬಾರದು. ಚಂದ ಐತಿ ನ್ಯಾಯ.

ಸಿಕ್ಕರ ಸಾರಿ ಅಂದ್ರಾತು, ದಂಡ ಕಟ್ಟಿದ್ರಾತು

ಇದು ಎಲ್ಲಕ್ಕಿಂತ ಕೆಟ್ಟ ವಾದ, ದುಡ್ಡಿದ್ದವನು ಮಾತ್ರ ಹೇಳಬಹುದಾದ ವಾದ. ಆರ್ಥಿಕ ವಲಯದಲ್ಲಿ ಮೀನು ಹಿಡಿದದ್ದಕ್ಕೆ ಸಿಕ್ಕವರನ್ನು ಜಾಮೀನು ಪಡೆದು ಬೇಗ ಬಿಡಬೇಕು, ದೇಶಗಳ ನಡುವೆ ಬೇರೆ ಒಪ್ಪಂದ ಇಲ್ಲದಿದ್ದರೆ ಜೈಲು ಶಿಕ್ಷೆ ಕೊಡಬಾರದು ಅಂತ ಸಮುದ್ರ ಕಾನೂನಿನ 73ನೇ ವಿಧಿ ಹೇಳುತ್ತದೆ. ಒಳ್ಳೆಯ ವಿಧಿ. ಆದರೆ 12 ಮೈಲಿಯ ಒಳಗೆ ಅದು ಅನ್ವಯಿಸಲ್ಲ. ಇರಾನ್ ಆ ಒಪ್ಪಂದಕ್ಕೆ ಸಹಿ ಮಾಡಿದೆ, ಅನುಮೋದಿಸಿಲ್ಲ. ಎಮಿರೇಟ್ಸ್ ಕೂಡ ಹಾಗೇ. ಒಮಾನ್, ಭಾರತ ಅನುಮೋದಿಸಿವೆ. ಗೆರೆಯ ಯಾವ ಕಡೆ ಸಿಕ್ಕಿರಿ ಅನ್ನುವುದರ ಮೇಲೆ ದಂಡವೋ ಜೈಲೋ ತೀರ್ಮಾನವಾಗಬಹುದು.

ಭಾರತ, ಪಾಕಿಸ್ತಾನ 2008ರ ಒಂದು ಒಪ್ಪಂದದಂತೆ ಪ್ರತಿ ವರ್ಷ ಜನವರಿ 1ಕ್ಕೆ, ಜುಲೈ 1ಕ್ಕೆ ತಮ್ಮ ತಮ್ಮ ಜೈಲಿನಲ್ಲಿರುವ ಕೈದಿಗಳ ಪಟ್ಟಿ ಬದಲಾಯಿಸಿಕೊಳ್ಳುತ್ತವೆ. ಅದರಲ್ಲಿ ಮೀನುಗಾರರದ್ದೇ ಪ್ರತ್ಯೇಕ ಪಟ್ಟಿ. ಪ್ರತ್ಯೇಕ ಪಟ್ಟಿ ಮಾಡುವಷ್ಟು ಜನ! ಅವರೆಲ್ಲ ಸಾರಿ ಅಂದಿರಲಿಕ್ಕಿಲ್ಲವೇ?

ಇಷ್ಟು ಹೇಳಿದ ಮೇಲೆ ಇನ್ನೊಂದು ಆಕ್ಷೇಪ ಬರುತ್ತದೆ, ಅದನ್ನು ನಾನು ಗೌರವದಿಂದಲೇ ಕೇಳುತ್ತೇನೆ. ಈ ಗೆರೆಗಳನ್ನು ಎಳೆದವರು ದೊಡ್ಡವರು. ಮೀನು ಗೆರೆ ನೋಡಿ ಈಜಲ್ಲ. ಬಡವನು ಮೀನಿನ ಹಿಂದೆ ಹೋಗುತ್ತಾನೆ, ಅವನಿಗೆ ನಿಯಮದ ಪಾಠ ಹೇಳುವುದು ಕ್ರೌರ್ಯ ಅಲ್ಲವೇ ಅಂತ. ನಿಜ. ಗೆರೆಗಳು ನ್ಯಾಯವಾಗಿವೆ ಅಂತ ನಾನು ಹೇಳುತ್ತಿಲ್ಲ. ಒಂದು ವಾರ ಮತ್ತು ಹಲವು ತಿಂಗಳ ಲೆಕ್ಕ ಮೇಲೆ ಕೊಟ್ಟಿದ್ದೇನಲ್ಲ. ಗೆರೆ ಅನ್ಯಾಯದ್ದಾಗಿದ್ದರೆ ಅದು ಎಲ್ಲಿದೆ ಅಂತ ಗೊತ್ತಿರಬೇಕಾದದ್ದು ಇನ್ನೂ ಹೆಚ್ಚು. ಆದರೆ ತಿಳಿದುಕೊಳ್ಳುವ ಹೊಣೆ ಬಲೆ ಎಳೆಯುವ ಕೂಲಿಯವನದಲ್ಲ. ಚುಕ್ಕಾಣಿ ಹಿಡಿದವನದು, ದೋಣಿ ಕೊಂಡವನದು, ಕೆಲಸಕ್ಕೆ ಕಳಿಸಿದವನದು. ಕುಮಟಾದ ಆ ಹುಡುಗ ಊರು ಬಿಡುವಾಗ ಅವನ ಕೈಗೆ ಯಾರೂ ಕನ್ನಡದಲ್ಲಿ ಒಂದು ಹಾಳೆ ಕೊಟ್ಟಿರಲಿಲ್ಲ. ಹಿಡಿದರೆ ಏನು ಹೇಳಬೇಕು ಅಂತ ಕೂಡ ಅವನಿಗೆ ಗೊತ್ತಿರಲಿಲ್ಲ. 1963ರ ವಿಯೆನ್ನಾ ಕಾನ್ಸುಲರ್ ಒಪ್ಪಂದದ 36ನೇ ವಿಧಿಯ ಪ್ರಕಾರ ಅವನು ಕೇಳಬೇಕಾದದ್ದು ಒಂದೇ ಮಾತು: "ನಮ್ಮ ದೇಶದ ರಾಯಭಾರ ಕಚೇರಿಗೆ ತಿಳಿಸಿ." ಅವತ್ತು ಪಾರ್ಕಿಂಗಿನಲ್ಲಿ ನಾನು ಅದನ್ನು ಅವನಿಗೆ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಸಿದೆ. ನಾಲ್ಕು ಸಲ ಹೇಳಿದ. ಅಷ್ಟರ ಮಟ್ಟಿಗಾದರೂ ಆಯಿತು.

ಈಗ ನನ್ನ ಕೊನೆಯ ತಕರಾರು, ಇದು ನಮ್ಮ ಮೇಲೆಯೇ. ಬ್ಲಾಗ್ ಬರೆಯುವವರ ಮೇಲೆ, ನನ್ನನ್ನೂ ಸೇರಿಸಿ. ನಾವು ಪ್ರವಾಸದ ಬಗ್ಗೆ ಎಷ್ಟೊಂದು ಬರೆಯುತ್ತೇವೆ! ಸೂರ್ಯಾಸ್ತ ಬರೆಯುತ್ತೇವೆ, ತಿಂದ ಊಟ ಬರೆಯುತ್ತೇವೆ, ಅಲೆಗಳ ಮೇಲೆ ಕವನ ಬರೆಯುತ್ತೇವೆ. ಯಾವ ಕಿಟಕಿಯಲ್ಲಿ ಯಾವ ಕಾಗದ ಕೊಟ್ಟೆವು ಅಂತ ಬರೆಯಲ್ಲ. ಅದು ಸಾಹಿತ್ಯ ಅಲ್ಲವಂತೆ. ನಾವು ಆ ಭಾಗ ಬಿಟ್ಟು ಬರೆಯುವುದರಿಂದಲೇ ಓದುವವನಿಗೆ ಗಡಿ ಅನ್ನುವುದೇ ಇಲ್ಲ ಅನ್ನಿಸುವುದು. ಸಮುದ್ರಕ್ಕೆ ಬೇಲಿ ಇಲ್ಲ ಅನ್ನುವ ಮಾತನ್ನು ಹುಟ್ಟಿಸಿದವರಲ್ಲಿ ನಾವೂ ಇದ್ದೇವೆ.

ಅದಕ್ಕೆ ಪ್ರಾಯಶ್ಚಿತ್ತ ಅಂತ, ಬೇರೆ ದೇಶದ ನೀರಿಗೆ ದೋಣಿಯಲ್ಲಿ ಹೋಗುವ ಯಾರಾದರೂ ಕೇಳಬೇಕಾದ ಪ್ರಶ್ನೆಗಳನ್ನು ಕನ್ನಡದಲ್ಲಿ ಇಲ್ಲಿ ಇಡುತ್ತಿದ್ದೇನೆ. ನಕಲು ಮಾಡಿಕೊಳ್ಳಿ, ನನ್ನ ಹೆಸರೂ ಬೇಡ.

1. ಜನ: ದೋಣಿಯಲ್ಲಿ ಇರುವ ಪ್ರತಿಯೊಬ್ಬರ ಪಾಸ್‌ಪೋರ್ಟು ಅವರ ಕೈಯಲ್ಲೇ ಇದೆಯಾ? ಹೋಗಲು ವೀಸಾ ಇದೆಯಾ, ಹೊಳ್ಳಿ ಬರಲು ಇದೆಯಾ? ಎಲ್ಲರ ಹೆಸರು ಇರುವ ಪಟ್ಟಿ ಬರೆದಿದ್ದೀರಾ? ಕೆಲಸದವರ ಹೆಸರು ಅದರಲ್ಲಿ ಮೊದಲು ಇರಲಿ.

2. ದೋಣಿ: ನೋಂದಣಿಯ ಮೂಲ ಪತ್ರ, ವಿಮೆ, ಬಾಡಿಗೆಯಾದರೆ ಕರಾರು. ವಿಮೆಯಲ್ಲಿ ಎಲ್ಲಿಯ ತನಕ ಹೋಗಬಹುದು ಅಂತ ಬರೆದ ಸಾಲನ್ನು ಓದಿದ್ದೀರಾ?

3. ಕಪ್ತಾನ: ನಿಮ್ಮ ಊರಿನ ಸರ್ಟಿಫಿಕೇಟನ್ನು ಆ ದೇಶ ಒಪ್ಪುತ್ತದಾ? ಯುರೋಪಿನ ಹಲವು ದೇಶಗಳು ಐಸಿಸಿ ಎಂಬ ಅಂತಾರಾಷ್ಟ್ರೀಯ ಅರ್ಹತಾ ಪತ್ರ ಕೇಳುತ್ತವೆ. ರೇಡಿಯೋ ಬಳಸಲು ಬೇರೆ ಸರ್ಟಿಫಿಕೇಟು. ಕುಡಿದು ದೋಣಿ ನಡೆಸಿದರೆ ಕಾರಿನ ಹಾಗೆಯೇ ಶಿಕ್ಷೆ ಇರುವ ದೇಶಗಳು ಬಹಳ.

4. ದಾರಿ: 12 ಮೈಲಿಯ ಗೆರೆ, ದ್ವೀಪಗಳ ಬಳೆ ತೋರಿಸುವ ಸಮುದ್ರ ನಕ್ಷೆ ಇದೆಯಾ? ದೊಡ್ಡ ಹಡಗುಗಳ ಏಕಮುಖ ಪಥಗಳು ಎಲ್ಲಿವೆ? 1972ರ ಡಿಕ್ಕಿ ತಡೆ ನಿಯಮಗಳ 10ನೇ ನಿಯಮದಂತೆ ಅವುಗಳನ್ನು ದಾಟಲೇಬೇಕಾದರೆ ಸಾಧ್ಯವಾದಷ್ಟು ನೇರ ಅಡ್ಡಕ್ಕೆ ದಾಟಬೇಕು. ಹಾಯಿದೋಣಿಯಾಗಲಿ, 20 ಮೀಟರಿಗಿಂತ ಚಿಕ್ಕ ದೋಣಿಯಾಗಲಿ ಆ ಪಥದಲ್ಲಿ ಸಾಗುವ ಹಡಗಿಗೆ ಅಡ್ಡಿಯಾಗಬಾರದು. ಹಾಯಿಗೆ ಎಲ್ಲರೂ ದಾರಿ ಬಿಡಬೇಕು ಅನ್ನುವ ಗರ್ವ ಅಲ್ಲಿ ನಡೆಯಲ್ಲ.

5. ಬಾಗಿಲು: ಹೊರಡುವ ಕಡೆ ಎಲ್ಲಿ ಮುದ್ರೆ, ತಲುಪುವ ಕಡೆ ಯಾವ ಬಂದರಿನಲ್ಲಿ ಮುದ್ರೆ? ತಲುಪಿದಾಗ ಹಳದಿ ಬಾವುಟ ಏರಿಸಿ ಪರವಾನಗಿ ಕೇಳುವುದು ಪದ್ಧತಿ. ಪರವಾನಗಿ ಸಿಗುವ ತನಕ ಯಾರೂ ದಡಕ್ಕೆ ಇಳಿಯಬಾರದು. ಸಿಕ್ಕ ಮೇಲೆ ಹಳದಿ ಇಳಿಸಿ ಆ ದೇಶದ ಬಾವುಟ ಕಟ್ಟಬೇಕು. ಬಂದ ಮನೆಯ ದೇವರಿಗೆ ಕೈ ಮುಗಿದ ಹಾಗೆ ಅಂದುಕೊಳ್ಳಿ.

6. ಸಾಮಾನು: ಔಷಧಿ, ಮದ್ಯ, ಡ್ರೋನ್, ಸ್ಯಾಟಲೈಟ್ ಫೋನು, ಗಾಳ. ಇಲ್ಲಿ ಸಾಮಾನ್ಯ, ಅಲ್ಲಿ ಅಪರಾಧ ಇರಬಹುದು.

7. ಕೆಟ್ಟದ್ದಾದರೆ: ಎಂಜಿನ್ ಕೆಟ್ಟು ಬೇರೆ ದೇಶದ ಕಡೆ ಸರಿಯುತ್ತಿದ್ದರೆ ಮುಚ್ಚಿಡಬೇಡಿ, ರೇಡಿಯೋ 16ನೇ ಚಾನಲ್ಲಿನಲ್ಲಿ ಕೂಡಲೇ ಹೇಳಿ, ಹೊತ್ತು, ಜಾಗ ಬರೆದಿಡಿ. ನಿಮ್ಮ ಅಸಹಾಯಕತೆಗೆ ಕಾನೂನಿನಲ್ಲಿ ಜಾಗ ಇದೆ, ನಿಮ್ಮ ಸುಳ್ಳಿಗೆ ಇಲ್ಲ. ರಾಯಭಾರ ಕಚೇರಿಯ ನಂಬರು ದೋಣಿಯ ಗೋಡೆ ಮೇಲೆ ಇರಲಿ, ಎಲ್ಲರಿಗೂ ಕಾಣುವ ಹಾಗೆ.

ಇವೆಲ್ಲ ದೇಶದಿಂದ ದೇಶಕ್ಕೆ ಬದಲಾಗುತ್ತವೆ, ವರ್ಷದಿಂದ ವರ್ಷಕ್ಕೂ ಬದಲಾಗುತ್ತವೆ. ಹಾಗಾಗಿ ಆಯಾ ದೇಶದ ಬಂದರು ಇಲಾಖೆಯ ಮಾತೇ ಕೊನೆಯ ಮಾತು, ನನ್ನದಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅಂತ ಗಾದೆ ಇದೆಯಲ್ಲ, ದಾಟುವ ಮೊದಲು ಮಾತ್ರ ಅವನ ಹಂಗು ಬೇಕೇ ಬೇಕು.

ಗೆಳೆಯನಿಗೆ ಈ ಏಳೂ ಪ್ರಶ್ನೆಗಳನ್ನು ಮೊನ್ನೆ ಕಳಿಸಿದೆ. ಜೊತೆಗೆ ಒಂದೇ ಸಾಲು ಬರೆದೆ: "ನಿನ್ನ ದೋಣ್ಯಾಗ ಯಾರ್ಯಾರ ಅದಾರ, ಅವರ ಕಾಗದ ಒಂದ್ಸಲ ತಗದು ನೋಡು." ಎರಡು ದಿನ ಉತ್ತರ ಇಲ್ಲ. ಸಿಟ್ಟಾದ ಅಂದುಕೊಂಡೆ. ನಿನ್ನೆ ರಾತ್ರಿ ಹನ್ನೊಂದಕ್ಕೆ ಮೆಸೇಜು ಬಂತು.

"ನಮ್ಮದು ಮಲ್ಟಿಪಲ್ ಐತಿ. ಅತ್ತಿ ಮಾವನದು ಸಿಂಗಲ್."

ಅರವತ್ತು ದಾಟಿದ ಇಬ್ಬರು, ಮೊದಲ ಸಲ ಊರು ಬಿಟ್ಟು ಹೊರಟವರು. ಮಗಳು, ಅಳಿಯ ಒಳಗೆ ಹೋಗಿ, ಇವರಿಬ್ಬರು ದೋಣಿಯಲ್ಲೇ ಉಳಿಯಬೇಕಾಗುತ್ತಿತ್ತು. ಕುಮಟಾದ ಹುಡುಗ ಇರಬೇಕಾಗಿದ್ದ ಅದೇ ಜಾಗದಲ್ಲಿ, ಕೆಳಗೆ ಕ್ಯಾಬಿನ್ನಿನಲ್ಲಿ.

ಕೋಟರ್ ಬಿಟ್ಟು ಕ್ರೊಯೇಷಿಯಾದ ದ್ವೀಪಗಳಲ್ಲೇ ಸುತ್ತಾಡಿ ಬರುತ್ತಾರಂತೆ. ನನ್ನನ್ನು ಮತ್ತೊಮ್ಮೆ ಕರೆದಿದ್ದಾನೆ. ಈ ಸಲ ಹೋಗೋಣ ಅಂತ ಇದ್ದೇನೆ. ಆದರೆ ಮೊದಲು ಕರಾರುಪತ್ರ ಕಳಿಸು ಅಂದಿದ್ದೇನೆ, ಪೂರ್ತಿ ಓದಬೇಕು :-)